ಓರಗಿತ್ತಿಯ ಫೋನಿನ ಗಂಟೆ

ಪ್ಲೈವುಡ್ ಗೋಡೆಯ ಆಚೆ ಫೋನು ಟಿಂಗ್ ಎಂದಿತು. ಗುಂಡಿಯಮ್ಮ ಹೊಲಿಯುತ್ತಿದ್ದ ಕೈ ನಿಲ್ಲಿಸಿ, ಮೇಜಿನ ಮೇಲಿದ್ದ ಬಿಳಿ ಅಂಗಿಗುಂಡಿಯೊಂದನ್ನು ಎತ್ತಿ ಖಾಲಿ ಬಿಸ್ಕತ್ತಿನ ಡಬ್ಬಕ್ಕೆ ಹಾಕಿದಳು. ಸೂಜಿಯನ್ನು ಮತ್ತೆ ಬಟ್ಟೆಗೆ ಚುಚ್ಚುವಷ್ಟರಲ್ಲಿ ಆಚೆ ಇನ್ನೊಂದು ಟಿಂಗ್. ಇನ್ನೊಂದು ಗುಂಡಿ.

ಆ ಸೋಮವಾರ ಅಂಗಡಿಯ ಬಾಗಿಲು ಹಾಕುವ ಮುಂಚೆ ಅವಳು ಡಬ್ಬವನ್ನು ಮಡಿಲಿಗೆ ಸುರಿದುಕೊಂಡು ಎಣಿಸಿದಳು. ತಪ್ಪಿರಬಹುದೆಂದು ಎರಡನೆಯ ಸಲವೂ ಎಣಿಸಿದಳು. ನಲವತ್ತೊಂದು. ಅವಳ ಸ್ವಂತ ಫೋನು ಬೆಳಗಿನಿಂದ ಸದ್ದು ಮಾಡಿದ್ದು ಎರಡೇ ಸಲ. ಒಂದು ಮಗಳದು, ‘ಊಟ ಆಯ್ತಾ’ ಅಂತ. ಇನ್ನೊಂದು ಫೋನ್ ಕಂಪನಿಯದು.

ಗೋಡೆಯ ಆಚೆ ಕೂತು ಬಟ್ಟೆ ಹೊಲಿಯುತ್ತಿದ್ದವಳು ಅವಳ ಓರಗಿತ್ತಿ, ಮೈದುನನ ಹೆಂಡತಿ. ಮದುವೆಯಾಗಿ ಬಂದಾಗ ಎಲ್ಲರೂ ‘ಚಿಕ್ಕವಳು’ ಎಂದು ಕರೆದರು. ಈಗ ಐವತ್ತು ದಾಟಿದರೂ ಚಿಕ್ಕವಳೇ. ಬಂದ ಹೊಸದರಲ್ಲಿ ಸೂಜಿಗೆ ದಾರ ಪೋಣಿಸಲೂ ಬಾರದವಳಿಗೆ ಪಕ್ಕದಲ್ಲಿ ಕೂರಿಸಿಕೊಂಡು ಗುಂಡಿಯ ತೂತಿಗೆ ಕಾಜಾ ಹಾಕುವುದನ್ನು ಕಲಿಸಿದವಳು ಗುಂಡಿಯಮ್ಮ. ಆ ಮಾತನ್ನು ಅವಳು ಬಾಯಿ ಬಿಟ್ಟು ಆಡುತ್ತಿರಲಿಲ್ಲ. ಆಡದೆ ಇದ್ದುದಕ್ಕೋ ಏನೋ, ಅದು ಮೀನಿನ ಮುಳ್ಳಿನ ಹಾಗೆ ಗಂಟಲಲ್ಲೇ ಉಳಿದಿತ್ತು.

ಮೊದಲು ಇದು ಒಂದೇ ಅಂಗಡಿ. ಅಣ್ಣತಮ್ಮಂದಿರು ಎದುರುಬದುರು ಕೂತು ಹೊಲಿಯುತ್ತಿದ್ದರು. ಅಣ್ಣ, ಅಂದರೆ ಗುಂಡಿಯಮ್ಮನ ಗಂಡ, ತೀರಿಕೊಂಡು ಒಂದು ವರ್ಷವಾದ ಮೇಲೆ ಮೈದುನ ಪ್ಲೈವುಡ್ ಹಲಗೆ ತಂದು ನಿಲ್ಲಿಸಿದ. “ಅತ್ತಿಗೆ, ನಿಮ್ಮದು ನಿಮಗೆ, ನಮ್ಮದು ನಮಗೆ. ಯಾರೂ ಯಾರ ಕೈ ಕಾಯೋದು ಬೇಡ,” ಎಂದ. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಆಚೆ ಇಬ್ಬರು ದುಡಿಯುವವರು ಎಂದು ಎರಡು ಮಿಷನ್ನು ಆಚೆಗೆ ಹೋದವು. ಬಟ್ಟೆ ಕತ್ತರಿಸಲು ಬೆಳಕು ಬೇಕು ಎಂದು ಕಿಟಕಿಯೂ ಆಚೆಗೆ ಹೋಯಿತು. ಈಚೆಗೆ ಉಳಿದದ್ದು ಒಂದು ಮಿಷನ್ನು, ಒಂದು ಬಲ್ಬು, ಹಳೆ ಬಟ್ಟೆ ಸರಿಮಾಡಿಸಲು ಬರುವ ಗಿರಾಕಿಗಳು.

ಕೊನೆಗೆ ಗುಂಡಿಗಳ ಡಬ್ಬ ಹಂಚಿದರು. ನಲವತ್ತು ಡಬ್ಬ. ಇಪ್ಪತ್ತು ಈಚೆ, ಇಪ್ಪತ್ತು ಆಚೆ. ಮೈದುನ ಡಬ್ಬ ಎಣಿಸಿದ, ಒಳಗೆ ಏನಿದೆ ಎಂದು ಮುಚ್ಚಳ ತೆಗೆದು ನೋಡಲಿಲ್ಲ. ಆರು ಗುಂಡಿಯ ಒಂದು ಜೊತೆಯಲ್ಲಿ ಮೂರು ಈಚೆ ಬಂದರೆ ಮೂರು ಆಚೆ ಹೋದವು. ಗಂಡ ಹೋದಾಗ ಗುಂಡಿಯಮ್ಮ ಅತ್ತದ್ದನ್ನು ಬೀದಿಯವರೆಲ್ಲ ನೋಡಿದ್ದಾರೆ. ಡಬ್ಬ ಹಂಚಿದ ದಿನ ಅತ್ತದ್ದನ್ನು ಯಾರೂ ನೋಡಿಲ್ಲ.

ಅವಳಿಗೆ ಓದು ಅಷ್ಟಕ್ಕಷ್ಟೇ. ಅಕ್ಷರಕ್ಕೆ ಅಕ್ಷರ ಕೂಡಿಸಿ, ತುಟಿ ಅಲ್ಲಾಡಿಸಿಕೊಂಡು, ಅಂಗಡಿಯ ಬೋರ್ಡು ಮುಗಿಸುವಷ್ಟರಲ್ಲಿ ಬಸ್ಸು ಮುಂದಕ್ಕೆ ಹೋಗಿರುತ್ತಿತ್ತು. ಆದರೆ ಕಣ್ಣು ಮಾತ್ರ ಅಂಥದ್ದು. ಯಾರದೋ ಕೋಟಿನಿಂದ ಗುಂಡಿ ಕಳಚಿಹೋಗಿದ್ದರೆ, ಅದರ ಜೊತೆಯವನ್ನು ಒಂದು ಸಲ ನೋಡಿದರೆ ಸಾಕು, ಯಾವ ಡಬ್ಬದ ಯಾವ ಮೂಲೆಯಲ್ಲಿ ಅದರ ಅವಳಿ ಬಿದ್ದಿದೆ ಎಂದು ಹೇಳುತ್ತಿದ್ದಳು. ಅದಕ್ಕೇ ಅವಳು ಗುಂಡಿಯಮ್ಮ. ವಾದ್ಯದ ತಂಡದವರು ಹತ್ತೊಂಬತ್ತು ವರ್ಷದಿಂದ ತಮ್ಮ ಕೋಟುಗಳ ಗುಂಡಿ ಕೆಲಸವನ್ನು ಅವಳಿಗೇ ಕೊಡುತ್ತಿದ್ದುದೂ ಅದಕ್ಕೇ. ಇಪ್ಪತ್ತನಾಲ್ಕು ಕೋಟು. ವರ್ಷಕ್ಕೊಮ್ಮೆ ಅವು ಅಂಗಡಿಗೆ ಬಂದು ಸಾಲಾಗಿ ತೂಗಾಡಿದರೆ, ಆ ಹತ್ತು ದಿನ ಬಲ್ಬಿನ ಕೋಣೆಯೂ ಅವಳಿಗೆ ಕಿಟಕಿಯಿದ್ದ ಹಾಗೆ ಕಾಣುತ್ತಿತ್ತು.

ಮಂಗಳವಾರ ತಂಡದ ಮಾಸ್ಟರು ಬಂದರು. ಈ ಸಲ ಕೂತುಕೊಳ್ಳಲಿಲ್ಲ, ಬಾಗಿಲಲ್ಲೇ ನಿಂತರು.

“ಈ ವರ್ಷ ಸ್ವಲ್ಪ ಬೇರೆ ಥರ, ಗುಂಡಿಯಮ್ಮ. ನಾವು ಇವತ್ತೇ ಪರವೂರಿಗೆ ಹೊರಟ್ವಿ. ಬರೋದು ಶನಿವಾರ. ಮೂವತ್ತು ಗುಂಡಿ ಉದುರಿಹೋಗಿದೆ. ಉಳಿದಿರೋದರ ಫೋಟೋ ಫೋನಿಗೆ ಕಳಿಸ್ತೀನಿ. ಅದಕ್ಕೆ ಹೊಂದೋ ಗುಂಡಿ ಮೂವತ್ತು ಇದೆಯಾ ನೋಡಿ, ನೀವೂ ಒಂದು ಫೋಟೋ ತೆಗೆದು ಕಳಿಸಿ. ಶುಕ್ರವಾರ ಮಧ್ಯಾಹ್ನದೊಳಗೆ.”

“ಅದಕ್ಕೇನಂತೆ, ಕಳಿಸಿ.”

“ಆಚೆ ಕಡೆಗೂ ಕಳಿಸ್ತಿದ್ದೀನಿ,” ಎಂದು ಮಾಸ್ಟರು ಪ್ಲೈವುಡ್ಡಿನ ಕಡೆ ಗಲ್ಲ ತಿರುಗಿಸಿದರು. “ತಪ್ಪು ತಿಳ್ಕೋಬೇಡಿ. ಹುಡುಗರು ಹೇಳ್ತಾರೆ, ಅವರ ಫೋನು ಯಾವಾಗ ನೋಡಿದ್ರೂ ಬಡ್ಕೊಳ್ತಿರುತ್ತೆ, ಬೇಡಿಕೆ ಜಾಸ್ತಿ ಅಂತ. ಯಾರು ಮೊದಲು ಸರಿಯಾದ್ದು ತೋರಿಸ್ತಾರೋ ಅವರಿಗೆ.”

ಅವರು ಹೋದರು. ಹತ್ತೊಂಬತ್ತು ವರ್ಷ ಎಂದು ಗುಂಡಿಯಮ್ಮ ಮನಸ್ಸಿನಲ್ಲೇ ಅಂದುಕೊಂಡಳು. ಆಚೆ ಟಿಂಗ್ ಎಂದಿತು. ಆ ಹೊತ್ತಿಗೆ ಡಬ್ಬಕ್ಕೆ ಗುಂಡಿ ಹಾಕಲು ಅವಳಿಗೆ ಕೈ ಬರಲಿಲ್ಲ.

ಮಧ್ಯಾಹ್ನ ನಲ್ಲಿಯ ಹತ್ತಿರ ಇಬ್ಬರೂ ಲೋಟ ತೊಳೆಯಲು ಬಂದಾಗ, ಗುಂಡಿಯಮ್ಮ ಏನೂ ಬೇಕಿಲ್ಲದವಳ ಹಾಗೆ ಕೇಳಿದಳು, “ಅಲ್ಲ ಕಣೇ, ಅಷ್ಟೊಂದು ಜನ ನಿಂಗೆ ಹೇಗೆ ಸಿಕ್ಕಿದ್ರು ಫೋನಲ್ಲಿ?”

ಚಿಕ್ಕವಳು ಲೋಟವನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಉಜ್ಜಿದಳು. “ಅಯ್ಯೋ ಅಕ್ಕ, ಬರೋರನ್ನ ಒಳಗೆ ಬಿಟ್ಟುಕೊಳ್ಳಬೇಕು ಅಷ್ಟೇ. ಅದು ಕೇಳುತ್ತಲ್ಲ, ಗಂಟೆ ಚಿತ್ರ ತೋರಿಸಿ, ಬರ್ಲಾ ಬೇಡ್ವಾ ಅಂತ? ನಾನು ಎಲ್ಲದಕ್ಕೂ ಹೂಂ ಅಂದೆ. ಈಗ ನೋಡಿ, ತಲೆ ಕೆರೆದುಕೊಳ್ಳೋಕೂ ಬಿಡುವಿಲ್ಲ.”

ಫೋನು ಕೊಡಿಸಿದ ದಿನ ಮಗಳು ಎದುರು ಕೂತು ಬುದ್ಧಿ ಹೇಳಿದ್ದಳು, “ಅಮ್ಮ, ಗೊತ್ತಿಲ್ಲದ್ದು ಏನಾದ್ರೂ ಕೇಳಿದ್ರೆ ಬೇಡ ಅನ್ನು.” ಗುಂಡಿಯಮ್ಮ ಎರಡು ವರ್ಷ ಹಾಗೆಯೇ ನಡೆದುಕೊಂಡಿದ್ದಳು. ಹಳೆಯ ಗುಂಡಿಗಳ ಚಿತ್ರ ನೋಡುವುದೆಂದರೆ ಅವಳಿಗೆ ಇಷ್ಟ. ನೋಡುವಾಗ ಆಗಾಗ ಒಂದು ಚೌಕ ಬಂದು, ಗಂಟೆಯ ಚಿತ್ರ ತೋರಿಸಿ, ಏನೋ ಕೇಳುತ್ತಿತ್ತು. ಅವಳು ‘ನಿರ್ಬಂಧಿಸಿ’ ಎಂಬ ಉದ್ದನೆಯ ಮಾತನ್ನು ಕಷ್ಟಪಟ್ಟು ಓದಿ ಅದನ್ನೇ ಒತ್ತುತ್ತಿದ್ದಳು. ತಾನೇ ಕೈಯಾರೆ ಬಾಗಿಲು ಹಾಕಿಕೊಂಡು ಕೂತಿದ್ದೆನೇ ಎಂದು ಈಗ ಹೊಟ್ಟೆ ಉರಿಯಿತು. ಆ ದಿನ ಸಂಜೆ ಗಂಟೆ ತೋರಿಸಿದ ಪ್ರತಿಯೊಂದಕ್ಕೂ ಅವಳು ‘ಅನುಮತಿಸಿ’ ಎಂದಳು. ಒಂದು ಪುಟದಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ, ಹುಡುಕಿಕೊಂಡು ಹೋಗಿ ಅನುಮತಿಸಿದಳು.

ಬುಧವಾರ ಬೆಳಗ್ಗೆ ಅಂಗಡಿಯ ಬೀಗ ತೆಗೆಯುತ್ತಿರುವಾಗಲೇ ಚೀಲದೊಳಗೆ ಟಿಂಗ್ ಎಂದಿತು. ಕಸ ಗುಡಿಸುವಾಗ ಟಿಂಗ್ ಟಿಂಗ್. ಹತ್ತು ಗಂಟೆಗೆ ಅವಳ ಲೆಕ್ಕಕ್ಕೆ ಹದಿನೇಳು. ಗುಂಡಿಯಮ್ಮ ಸದ್ದನ್ನು ಪೂರ್ತಿ ಏರಿಸಿ, ಫೋನನ್ನು ಪ್ಲೈವುಡ್ ಗೋಡೆಗೆ ಆನಿಸಿ ನಿಲ್ಲಿಸಿದಳು. ತೆಳ್ಳಗಿನ ಹಲಗೆ, ಒಂದೊಂದು ಟಿಂಗೂ ತಮಟೆಯ ಹಾಗೆ ಆಚೆಗೆ ದಾಟಿತು.

ಆಚೆ ಮಿಷನ್ನು ನಿಂತಿತು.

“ಏನಕ್ಕಾ, ನಿಮ್ಮ ಕಡೆ ಏನೋ ಸದ್ದು?”

“ಏನಿಲ್ಲ ಕಣೇ. ಜನ.”

ಮಿಷನ್ನು ನಿಂತೇ ಇದ್ದ ಆ ಹೊತ್ತನ್ನು ಗುಂಡಿಯಮ್ಮ ಬಾಯಲ್ಲಿಟ್ಟ ಬೆಲ್ಲದ ಚೂರಿನ ಹಾಗೆ ಕರಗಿಸಿಕೊಂಡು ಕೂತಳು. ಆಮೇಲೆ ಆಚೆಯಿಂದಲೂ ಜೋರಾಗಿ ಟಿಂಗ್ ಬಂತು. ಅವಳೂ ಫೋನು ತಂದು ಹಲಗೆಗೆ ಆನಿಸಿದ್ದಳು! ಮಧ್ಯಾಹ್ನದವರೆಗೆ ಎರಡು ಫೋನುಗಳೂ ಬೆನ್ನಿಗೆ ಬೆನ್ನು ಕೊಟ್ಟು, ಬೀದಿ ಜಗಳದವರ ಹಾಗೆ ಒಂದರ ಮೇಲೊಂದು ಕೂಗಿಕೊಂಡವು.

“ಯಾರಾದ್ರೂ ಸತ್ತರೇನ್ರೀ?” ಎಂದು ಬೀದಿಯಲ್ಲಿ ಹೋಗುತ್ತಿದ್ದ ಅಂಚೆಯವ ಇಣುಕಿ ಕೇಳಿದ.

ಸಂಭ್ರಮ ಅಷ್ಟಕ್ಕೇ ಮುಗಿಯಿತು. ಯಾರು ಏನು ಬರೆದಿದ್ದಾರೆ ನೋಡೋಣ ಎಂದು ಗುಂಡಿಯಮ್ಮ ಕನ್ನಡಕ ಏರಿಸಿ ಕೂತಳು. ಒಬ್ಬ ಹೊಟ್ಟೆ ಕರಗಿಸುವ ಪುಡಿ ಮಾರುತ್ತಿದ್ದ. ಒಬ್ಬ ಅವಳು ಕಾರು ಗೆದ್ದಿದ್ದಾಳೆ ಎನ್ನುತ್ತಿದ್ದ. ತುಂಡು ಬಟ್ಟೆ ತೊಟ್ಟ ಹೆಂಗಸೊಬ್ಬಳು ‘ನಿನಗಾಗಿ ಕಾಯುತ್ತಿದ್ದೇನೆ’ ಎನ್ನುತ್ತಿದ್ದಳು. “ಕಾಯಿ ತಾಯಿ, ಆದ್ರೆ ಆ ರವಿಕೆಯ ತೋಳು ನೆಟ್ಟಗೆ ಕೂತಿಲ್ಲ,” ಎಂದಳು ಗುಂಡಿಯಮ್ಮ. ಅಷ್ಟರಲ್ಲಿ ಪರದೆಯೆಲ್ಲ ಕೆಂಪಾಗಿ, ‘ನಿಮ್ಮ ಫೋನಿನಲ್ಲಿ ಹದಿಮೂರು ವೈರಸ್ ಇವೆ, ಈಗಲೇ ತೊಳೆಯಿರಿ’ ಎಂದು ಕೂಗಿತು. ಪಕ್ಕದಲ್ಲಿ ಒಂದು ಪೊರಕೆಯ ಚಿತ್ರ. ಹದಿಮೂರು ಎಂದರೆ ಹದಿಮೂರು ಎಂದು ಅಷ್ಟು ಖಚಿತವಾಗಿ ಎಣಿಸಿದವರ ಮೇಲೆ ಅವಳಿಗೆ ನಂಬಿಕೆ ಬಂತು. ತಾನೂ ಎಣಿಸುವವಳಲ್ಲವೇ? ಪೊರಕೆಯನ್ನು ಒತ್ತಿದಳು. ಅದು ಎರಡು ಮೂರು ಸಲ ಏನೋ ಕೇಳಿತು. ಎಲ್ಲದಕ್ಕೂ ಹೂಂ ಎಂದಳು.

ಗುರುವಾರ ಮಧ್ಯಾಹ್ನ ಮಾಸ್ಟರೇ ಕರೆ ಮಾಡಿದರು. ಹಿಂದೆ ತುತ್ತೂರಿ ಊದುವ ಸದ್ದು ಕೇಳುತ್ತಿತ್ತು. “ಫೋಟೋ ನೋಡಿದ್ರಾ? ಬೆಳಗ್ಗೆಯೇ ಕಳಿಸಿದೆ. ಆಚೆಯಿಂದಲೂ ಉತ್ತರ ಇಲ್ಲ, ನಿಮ್ಮದೂ ಇಲ್ಲ.”

ಬೆಳಗಿನಿಂದ ಬಂದ ಎಂಬತ್ತೋ ತೊಂಬತ್ತೋ ಟಿಂಗುಗಳನ್ನು ಗುಂಡಿಯಮ್ಮ ಕಸ ತಳ್ಳುವ ಹಾಗೆ ಬೆರಳಲ್ಲಿ ತಳ್ಳುತ್ತ ಬಂದಿದ್ದಳು. ಅದರ ನಡುವೆ ಮಾಸ್ಟರ ಮಾತೂ ಹೋಗಿತ್ತು. “ನೋಡ್ತಾ ಇದ್ದೀನಿ,” ಎಂದಳು. “ಅಲ್ಲ, ಬಾಯಲ್ಲೇ ಒಂದು ಸಲ ಹೇಳಿಬಿಡಿ, ಹೇಗಿದೆ ಗುಂಡಿ?”

“ಹೇಗಿದೆ ಅಂದ್ರೆ? ದುಂಡಗಿದೆ. ಕಂದು ಬಣ್ಣ.”

“ಎಷ್ಟು ಕಣ್ಣು?”

“ಗುಂಡಿಗೆ ಕಣ್ಣು ಬೇರೆ ಇರುತ್ತಾ? ಫೋಟೋ ನೋಡಿ ತಾಯಿ. ನಾಳೆ ಮಧ್ಯಾಹ್ನ ಆದ್ಮೇಲೆ ನಾನು ಇಲ್ಲೇ ಯಾರಿಗಾದ್ರೂ ಹೇಳಿಬಿಡ್ತೀನಿ.” ಕರೆ ನಿಂತಿತು.

ಅವಳು ಮಾಸ್ಟರ ಹೆಸರಿನಡಿ ಹುಡುಕಿ ಆ ಸಂದೇಶ ತೆಗೆದಳು. ನೀಲಿ ಅಕ್ಷರದ ಒಂದು ಸಾಲು ಇತ್ತು, ಅದನ್ನು ಒತ್ತಿದರೆ ಚಿತ್ರಗಳ ಪುಟ ತೆರೆಯಬೇಕು. ಒತ್ತಿದಳು. ಕಂದು ಬಣ್ಣದ ಗುಂಡಿಯೊಂದು ಪರದೆ ತುಂಬ ಕಣ್ಣು ಮಿಟುಕಿಸುವಷ್ಟು ಹೊತ್ತು ಕಂಡಿತು. ತಕ್ಷಣ ಅದರ ಮೇಲೆ ದಾಳದ ಆಟವೊಂದು ಬಂದು ಕುಣಿಯತೊಡಗಿತು. ಹಿಂದಕ್ಕೆ ಬಂದು ಮತ್ತೆ ಒತ್ತಿದಳು. ಮತ್ತೆ ಗುಂಡಿ, ಮತ್ತೆ ದಾಳ. ಐದನೆಯ ಸಲಕ್ಕೆ ಅಂಚಿನಲ್ಲಿ ಹೊಸೆದ ಹಗ್ಗದಂಥ ಗೆರೆ ಇದೆ ಎಂದು ಗೊತ್ತಾಯಿತು. ಒಂಬತ್ತನೆಯ ಸಲಕ್ಕೂ ಕಣ್ಣು ಎರಡೋ ನಾಲ್ಕೋ ತಿಳಿಯಲಿಲ್ಲ.

ಅಂದಾಜಿನ ಮೇಲೆ ಒಂದು ಫೋಟೋ ಕಳಿಸಿಬಿಡಬಹುದಿತ್ತು. ಆದರೆ ಅಂದಾಜಿನ ಗುಂಡಿ ಹಾಕಿ ಕೊಟ್ಟವಳಲ್ಲ ಅವಳು. ಮಗಳು ಆಸ್ಪತ್ರೆಯಲ್ಲಿ ದಾದಿ, ಪಾಳಿಯಲ್ಲಿರುವಾಗ ಫೋನು ಎತ್ತುವುದಿಲ್ಲ. ಮೂಲೆಯ ಫೋನ್ ಅಂಗಡಿಯವನು ಇಣುಕಿ ನೋಡಿ, “ಎಲ್ಲ ಅಳಿಸಿ ಹೊಸದರ ಥರ ಮಾಡಿ ಕೊಡ್ತೀನಿ, ನಾಳಿದ್ದು ಬನ್ನಿ,” ಎಂದ. ಎಲ್ಲ ಅಳಿಸಿದರೆ ಮಾಸ್ಟರ ಸಂದೇಶವೂ ಹೋಗುತ್ತದೆ, ನಾಳಿದ್ದಿಗೆ ಕೋಟೂ ಹೋಗುತ್ತದೆ. ಅವಳು ಫೋನನ್ನು ಅವನ ಕೈಯಿಂದ ಕಿತ್ತುಕೊಂಡ ಹಾಗೆ ಇಸಿದುಕೊಂಡು ಬಂದಳು.

ಬಂದು ಮಿಷನ್ನಿನ ಮುಂದೆ ಕೂತು ಸುಮ್ಮನೆ ನೋಡಿದಳು. ಕೆಟ್ಟ ಹೊಲಿಗೆ ಬಿಚ್ಚುವಾಗ, ಕಣ್ಣಿಗೆ ಕಂಡ ದಾರವನ್ನೆಲ್ಲ ಎಳೆಯುತ್ತ ಕೂತರೆ ಬಟ್ಟೆ ಸುಕ್ಕಾಗುತ್ತದೆಯೇ ಹೊರತು ಹೊಲಿಗೆ ಬಿಚ್ಚುವುದಿಲ್ಲ. ಎಲ್ಲಿಂದ ಶುರುವಾಗಿದೆಯೋ ಆ ಗಂಟನ್ನು ಹುಡುಕಬೇಕು. ಎರಡು ದಿನದಿಂದ ತಾನು ಮಾಡಿದ್ದು ದಾರ ಎಳೆಯುವ ಕೆಲಸ, ಒಂದು ಟಿಂಗ್ ತಳ್ಳಿದರೆ ಇನ್ನೆರಡು ಬರುತ್ತಿದ್ದವು. ಅವಳು ಭೂತಗನ್ನಡಿ ತೆಗೆದಳು.

ಪುಡಿ ಮಾರುವವನ ಮಾತಿನ ಕೆಳಗೆ ಇರುವೆಯಷ್ಟು ಸಣ್ಣಗೆ ಏನೋ ಬರೆದಿತ್ತು. ಇಂಗ್ಲಿಷು, ಅವಳಿಗೆ ಓದಲು ಬಾರದು. ಓದುವ ಅಗತ್ಯವೂ ಬೀಳಲಿಲ್ಲ. ಅವಳು ಅದನ್ನು ಗುಂಡಿ ನೋಡುವ ಹಾಗೆ ನೋಡಿದಳು. ಮೊದಲು ಎರಡು ದುಂಡು, ಆಮೇಲೆ ಒಂದು ಕೋಲು, ಒಂದು ಚುಕ್ಕಿ, ಕೊನೆಯಲ್ಲಿ ಗಾಳದ ಕೊಕ್ಕೆಯಂಥದ್ದು. ಚಾಕ್ಪೀಸಿನಿಂದ ಕರಿ ಬಟ್ಟೆಯ ತುಂಡಿನ ಮೇಲೆ ಹಾಗೆಯೇ ಬರೆದುಕೊಂಡಳು. ಕಾರು ಕೊಟ್ಟವನ ಕೆಳಗೆ ನೋಡಿದಳು. ಎರಡು ದುಂಡು, ಕೋಲು, ಚುಕ್ಕಿ, ಕೊಕ್ಕೆ. ಕಾಯುತ್ತಿದ್ದ ಹೆಂಗಸಿನ ಕೆಳಗೆ ನೋಡಿದಳು. ಅದೇ.

“ಅಯ್ಯೋ ನಿಮ್ಮ ಮನೆ ಹಾಳಾಗ! ಎಲ್ಲ ಒಂದೇ ಡಬ್ಬದವರು!”

ತಳ್ಳುವ ಬದಲು ಆ ಕೊಕ್ಕೆಯವನ ಮೇಲೆ ಬೆರಳಿಟ್ಟು ಒತ್ತಿ ಹಿಡಿದಳು. ಒಂದು ಹಲ್ಲುಚಕ್ರ ಬಂತು. ಚಕ್ರವನ್ನು ಒತ್ತಿದರೆ ಬ್ರೌಸರ್ ತನ್ನ ಒಳಮನೆಯನ್ನು ತೆರೆದು ತೋರಿಸಿತು. ಅಲ್ಲೊಂದು ಗಂಟೆ, ಪಕ್ಕದಲ್ಲಿ ಹೊತ್ತಿಕೊಂಡಿದ್ದ ಸ್ವಿಚ್ಚು. ಆರಿಸಿದಳು. ಹಾಗೆಯೇ ಹಿಂದಕ್ಕೆ ಬಂದರೆ ‘ಅಧಿಸೂಚನೆಗಳು’ ಎಂಬ ಪಟ್ಟಿ. ಅವಳು ಮಂಗಳವಾರ ಸಂಜೆ ಹೂಂ ಎಂದವರೆಲ್ಲ ಅಲ್ಲಿ ಬಾಲ ಮಡಚಿಕೊಂಡು ಸಾಲಾಗಿ ಕೂತಿದ್ದರು. ಉಳಿದವರು ಹನ್ನೊಂದು ಜನ. ಒಬ್ಬೊಬ್ಬರನ್ನೇ ಒತ್ತಿ, ಒಬ್ಬೊಬ್ಬರಿಗೂ ‘ನಿರ್ಬಂಧಿಸಿ’ ಎಂದಳು. ಈ ಸಲ ಆ ಉದ್ದನೆಯ ಮಾತನ್ನು ಓದಲು ಕಷ್ಟವಾಗಲಿಲ್ಲ.

ಫೋನು ಬಾಯಿ ಮುಚ್ಚಿತು. ಆಚೆಯ ಟಿಂಗ್ ಮಾತ್ರ ಈಗ ಮೊದಲಿಗಿಂತ ಸ್ಪಷ್ಟವಾಗಿ ಕೇಳಿತು.

ಮಾಸ್ಟರ ನೀಲಿ ಸಾಲನ್ನು ಒತ್ತಿದಳು. ಗುಂಡಿ, ಮತ್ತೆ ಅದೇ ದಾಳ! ಹಾಗಾದರೆ ಗಂಟು ಎರಡು ಇವೆ. ಬಂದದ್ದು ಹೊರಗಿನಿಂದ ಅಲ್ಲ, ಒಳಗೇ ಯಾರೋ ಕೂತಿದ್ದಾರೆ. ಫೋನು ಕೊಟ್ಟ ದಿನ ಮಗಳು ಮುಖಪರದೆಯಲ್ಲಿ ನಾಲ್ಕು ಸಾಲು, ಸಾಲಿಗೆ ನಾಲ್ಕರಂತೆ ಚಿತ್ರ ಜೋಡಿಸಿ ಕೊಟ್ಟಿದ್ದಳು. ಹದಿನಾರು. ರಟ್ಟಿಗೆ ಹೊಲಿದ ಗುಂಡಿಗಳ ಹಾಗೆ ಅವು ಗುಂಡಿಯಮ್ಮನಿಗೆ ಬಾಯಿಪಾಠ. ಎಣಿಸಿದಳು. ಹದಿನೇಳು. ಹದಿನೇಳನೆಯದು ಆ ಪೊರಕೆ, ಕೊನೆಯ ಸಾಲಿನ ಕೆಳಗೆ ಒಂಟಿಯಾಗಿ, ಏನೂ ಅರಿಯದವಳ ಹಾಗೆ ನಿಂತಿತ್ತು. ಒತ್ತಿ ಹಿಡಿದು, ಮೇಲೆ ಕಾಣಿಸಿದ ಕಸದ ಬುಟ್ಟಿಗೆ ಎಳೆದು ಹಾಕಿದಳು. “ನಿಜವಾಗಿ ತೆಗೆಯಲೇ?” ಎಂದು ಫೋನು ಕೇಳಿತು. ಎರಡು ದಿನದಲ್ಲಿ ಅವಳು ಮನಸಾರೆ ಹೂಂ ಎಂದದ್ದು ಇದೊಂದಕ್ಕೇ.

ಫೋನನ್ನು ಒಮ್ಮೆ ಆರಿಸಿ ಹೊತ್ತಿಸಿ, ನೀಲಿ ಸಾಲನ್ನು ಒತ್ತಿದಳು. ಗುಂಡಿ ಬಂತು. ನಿಂತಿತು. ನಾಲ್ಕು ಕಣ್ಣು.

ನೋಡುತ್ತಿದ್ದ ಹಾಗೆಯೇ ಅದು ಎಲ್ಲಿದೆಯೆಂದು ಅವಳಿಗೆ ಗೊತ್ತಾಯಿತು. ಏಳನೆಯ ಡಬ್ಬ, ತಳದಲ್ಲಿ. ಸುರಿದು ಆರಿಸಿದಳು. ಹದಿಮೂರು ಸಿಕ್ಕಿದವು. ಇನ್ನು ಹದಿನೇಳು ಬೇಕು. ಅವೂ ಎಲ್ಲಿವೆಯೆಂದು ಗೊತ್ತು. ಮುಚ್ಚಳ ಜಜ್ಜಿದ ಹಸಿರು ಡಬ್ಬದಲ್ಲಿ. ಆ ಡಬ್ಬ ಆಚೆ ಕಡೆಯ ಇಪ್ಪತ್ತರಲ್ಲಿ ಒಂದು.

ಶುಕ್ರವಾರ ಹನ್ನೊಂದರವರೆಗೆ ಅವಳು ಕೂತಲ್ಲೇ ಚಡಪಡಿಸಿದಳು. ಕೇಳಿದರೆ ಚಿಕ್ಕವಳಿಗೆ ಯಾವ ಗುಂಡಿಯೆಂದು ತಿಳಿದುಹೋಗುತ್ತದೆ. ಡಬ್ಬ ಅವಳ ಕೈಯಲ್ಲೇ ಇದೆ, ತನ್ನ ಹದಿಮೂರಕ್ಕಿಂತ ಅವಳ ಹದಿನೇಳು ಹೆಚ್ಚು, ಮೊದಲು ಫೋಟೋ ತೆಗೆದು ಕಳಿಸಿದರೆ ಮುಗಿಯಿತು. ಕೇಳದೆ ಇದ್ದರೆ ಹದಿಮೂರೇ. ಕೊನೆಗೆ ಒಂದು ಗುಂಡಿಯನ್ನು ಮುಷ್ಟಿಯಲ್ಲಿ ಮುಚ್ಚಿಟ್ಟುಕೊಂಡು ಹಲಗೆಯನ್ನು ಸುತ್ತಿ ಆಚೆಗೆ ಹೋದಳು.

ಮೈದುನ ಕಿಟಕಿಯ ಬೆಳಕಿನಲ್ಲಿ ಬಟ್ಟೆ ಕತ್ತರಿಸುತ್ತಿದ್ದ, ತಲೆ ಎತ್ತಲಿಲ್ಲ. ಆ ಬೆಳಕು ನೋಡಿಯೇ ಗುಂಡಿಯಮ್ಮನ ಮನಸ್ಸು ಒಂದು ಸುತ್ತು ಹುಳ್ಳಗಾಯಿತು.

“ಬನ್ನಿ ಅಕ್ಕ, ಅಪರೂಪಕ್ಕೆ,” ಎಂದಳು ಚಿಕ್ಕವಳು. “ಏನು, ಜನ ಎಲ್ಲ ಹೋದ್ರಾ? ನಿನ್ನೆ ಸಂಜೆಯಿಂದ ಸದ್ದೇ ಇಲ್ಲ.”

“ಹಸಿರು ಡಬ್ಬ ಒಂದು ಇತ್ತಲ್ಲ, ಮುಚ್ಚಳ ಜಜ್ಜಿದ್ದು. ಸ್ವಲ್ಪ ಕೊಡೇ, ಯಾವುದೋ ಒಂದು ಗುಂಡಿ ನೋಡಬೇಕು.”

“ಯಾವುದು?”

“ಯಾವುದೋ ಒಂದು.”

ಚಿಕ್ಕವಳು ಮೊಣಕೈ ಊರಿ ಕೂತಳು. “ಯಾವುದು ಅಂತ ಹೇಳಿದ್ರೆ ನಾನೇ ತೆಗೆದುಕೊಡ್ತೀನಿ.”

ಆಗ ಮೇಜಿನ ಮೇಲಿದ್ದ ಅವಳ ಫೋನು ಟಿಂಗ್ ಎಂದು ಬೆಳಗಿತು. ಗುಂಡಿಯಮ್ಮ ಬಗ್ಗಿ ನೋಡಿದಳು. ಓದಲು ಹೋಗಲಿಲ್ಲ, ಕೆಳಗಿನ ಇರುವೆಸಾಲನ್ನಷ್ಟೇ ನೋಡಿದಳು. ಎರಡು ದುಂಡು, ಕೋಲು, ಚುಕ್ಕಿ, ಕೊಕ್ಕೆ.

ಚಿಕ್ಕವಳು ಫೋನನ್ನು ಬೋರಲು ಹಾಕಿದಳು. “ಗಿರಾಕಿಗಳು. ಬೆಳಗಾಯ್ತು ಅಂದ್ರೆ ಶುರು.”

ಗುಂಡಿಯಮ್ಮನಿಗೆ ಮೈಯೆಲ್ಲ ಹಗುರವಾಯಿತು. ಸೋಮವಾರದ ಆ ನಲವತ್ತೊಂದು, ಅದರ ಹಿಂದಿನ ವಾರದ್ದು, ಅದರ ಹಿಂದಿನದು, ಎಲ್ಲ ಪುಡಿ, ಎಲ್ಲ ಕಾರು, ಎಲ್ಲ ಅದೇ ತುಂಡುಬಟ್ಟೆಯ ಹೆಂಗಸು! ಎಷ್ಟು ಬಿಳಿ ಗುಂಡಿ ದಂಡವಾಯಿತು! ಅವಳು ನಗು ಕಚ್ಚಿ ಹಿಡಿದುಕೊಂಡಳು. “ಹೌದಾ? ಯಾರು, ಹೊಟ್ಟೆ ಕರಗಿಸೋ ಪುಡಿಯವನಾ?”

ಚಿಕ್ಕವಳ ಮುಖ ಬಿಳಿಚಿಕೊಂಡಿತು.

“ಹೋಗ್ಲಿ, ಮಾಸ್ಟರ ಫೋಟೋ ನೋಡಿದ್ಯಾ? ಇಲ್ಲ, ದಾಳ ಆಡ್ತಾ ಕೂತಿದ್ಯಾ?”

“ನಿಮಗೆ ಹೇಗೆ...” ಚಿಕ್ಕವಳು ಊರಿದ್ದ ಮೊಣಕೈ ತೆಗೆದಳು. “ಎರಡು ತಿಂಗಳಾಯ್ತು ಅಕ್ಕ. ನಿಲ್ಲಿಸೋಕೆ ಬರ್ತಿಲ್ಲ. ಏನು ಒತ್ತಿದ್ರೂ ಇನ್ನೇನೋ ತೆರೆಯುತ್ತೆ. ಅಂಗಡಿಗೆ ಬಂದೋರು ಆ ಸದ್ದೆಲ್ಲ ಗಿರಾಕಿ ಅಂದ್ಕೊಂಡ್ರು, ನಾನೂ ಹೂಂ ಅಂದೆ. ಆಮೇಲೆ ಅಲ್ಲ ಅನ್ನೋಕೆ ಬಾಯಿ ಬರಲಿಲ್ಲ. ಅದ್ರ ಮೇಲೆ ಬುಧವಾರ ನಿಮ್ಮ ಕಡೆಯಿಂದ ಬಂತಲ್ಲ ಆ ಸದ್ದು, ನಿಮಗಂತೂ ನಿಜವಾದ ಜನಾನೇ ಅಂದ್ಕೊಂಡು ನನಗೆ ಆವತ್ತು ಊಟ ಸೇರಲಿಲ್ಲ.”

“ಸೇರಲಿಲ್ವಾ?” ಎಂದಳು ಗುಂಡಿಯಮ್ಮ. ಇಷ್ಟು ಹಿತವಾದ ಮಾತನ್ನು ಅವಳು ಆ ಬಾಯಿಂದ ಕೇಳಿ ವರ್ಷಗಳಾಗಿದ್ದವು.

“ಎರಡು ಫೋನು, ಇಬ್ಬರು ಹೆಂಗಸರು,” ಎಂದ ಮೈದುನ ಕತ್ತರಿಯಿಂದ ಕಣ್ಣೆತ್ತದೆ. “ಒಬ್ಬರಿಗೊಬ್ಬರು ಪುಡಿ ಮಾರ್ತಿದ್ರಿ. ನನ್ನ ಕಿವಿ ಮಾತ್ರ ಕರಗಿಹೋಯ್ತು.”

ಗುಂಡಿಯಮ್ಮ ಮುಷ್ಟಿ ಬಿಚ್ಚಿ ಕಂದು ಗುಂಡಿಯನ್ನು ಮೇಜಿನ ಮೇಲಿಟ್ಟಳು. ಹತ್ತು ನಿಮಿಷ ಚೌಕಾಸಿ ನಡೆಯಿತು. ಫೋನು ಸರಿಮಾಡಿಕೊಟ್ಟರೆ ಡಬ್ಬ ಕೊಡುತ್ತೇನೆ ಎಂದಳು ಚಿಕ್ಕವಳು. ಮೊದಲು ಡಬ್ಬ, ಆಮೇಲೆ ಫೋನು ಎಂದಳು ಗುಂಡಿಯಮ್ಮ. ಹಾಗಾದರೆ ಗುಂಡಿಯ ಜೊತೆಗೆ ಬರುವ ಕೋಟುಗಳ ಹರಿದ ಒಳಪದರದ ಹೊಲಿಗೆ ತನಗೆ ಬರಬೇಕು ಎಂದಳು ಚಿಕ್ಕವಳು. ಒಳಪದರ ಬಿಟ್ಟುಕೊಡಲು ಗುಂಡಿಯಮ್ಮನಿಗೆ ಮನಸ್ಸಿರಲಿಲ್ಲ. ಆದರೆ ಗಡಿಯಾರ ಹನ್ನೊಂದೂವರೆ ತೋರಿಸುತ್ತಿತ್ತು. “ಒಳಪದರ ನಿಂದು. ಗುಂಡಿ ಮುಟ್ಟಬಾರದು.”

ಹಸಿರು ಡಬ್ಬದಲ್ಲಿ ಹದಿನೆಂಟು ಇದ್ದವು. ತನ್ನ ನೆನಪು ಒಂದರಿಂದ ತಪ್ಪಿತಲ್ಲ ಎಂದು ಗುಂಡಿಯಮ್ಮನಿಗೆ ಬೇಸರವಾಯಿತು. ಆಚೆಯ ಹದಿನೆಂಟು, ಈಚೆಯ ಹನ್ನೆರಡು, ಒಟ್ಟು ಮೂವತ್ತನ್ನು ಬಿಳಿ ಬಟ್ಟೆಯ ಮೇಲೆ ಸಾಲುಸಾಲಾಗಿ ಜೋಡಿಸಿ, ಕಿಟಕಿಯ ಬೆಳಕಿನಲ್ಲಿ ಫೋಟೋ ತೆಗೆದು ಕಳಿಸಿದಳು. ಆಮೇಲೆ, ಆಮೇಲೆಯೇ, ಚಿಕ್ಕವಳ ಫೋನನ್ನು ಕೈಗೆ ತೆಗೆದುಕೊಂಡಳು. ಅದರ ಪಟ್ಟಿಯಲ್ಲಿ ಮೂವತ್ತನಾಲ್ಕು ಹೆಸರಿದ್ದವು. ಒಬ್ಬೊಬ್ಬರನ್ನೇ ತೆಗೆದಳು. ಇಲ್ಲಿ ಪೊರಕೆಯ ಬದಲು ಒಂದು ಟಾರ್ಚಿನ ಚಿತ್ರ ಅವಿತು ಕೂತಿತ್ತು. ಯಾವಾಗ ಬಂತು ಎಂದು ಚಿಕ್ಕವಳಿಗೂ ಗೊತ್ತಿರಲಿಲ್ಲ. “ನೀನು ಹೈಸ್ಕೂಲು ಓದಿದವಳು. ದೊಡ್ಡ ಅಕ್ಷರ ಓದಿ ಬಿಟ್ಟೆ, ಸಣ್ಣದು ನೋಡಲಿಲ್ಲ,” ಎಂದಳು ಗುಂಡಿಯಮ್ಮ.

ಮಧ್ಯಾಹ್ನಕ್ಕೆ ಐದು ನಿಮಿಷ ಇರುವಾಗ ಗುಂಡಿಯಮ್ಮನ ಫೋನು ಟಿಂಗ್ ಎಂದಿತು. ಇಬ್ಬರೂ ಒಟ್ಟಿಗೆ ಬಗ್ಗಿದರು. ಮಾಸ್ಟರು ಬರೆದಿದ್ದರು: ‘ಇದೇ ಗುಂಡಿ. ಶನಿವಾರ ಕೋಟು ತರ್ತೀವಿ.’ ಗುಂಡಿಯಮ್ಮ ಅದನ್ನು ಅಕ್ಷರಕ್ಕೆ ಅಕ್ಷರ ಕೂಡಿಸಿ, ಗಟ್ಟಿಯಾಗಿ, ನಿಧಾನವಾಗಿ ಎರಡು ಸಲ ಓದಿದಳು. ಒಂದು ಸಲ ತನಗೆ. ಒಂದು ಸಲ ಚಿಕ್ಕವಳಿಗೆ.

ಮುಂದಿನ ಸೋಮವಾರ ಇಪ್ಪತ್ತನಾಲ್ಕು ಕೋಟು ಬಲ್ಬಿನ ಕೆಳಗೆ ಸಾಲಾಗಿ ತೂಗಾಡುತ್ತಿದ್ದವು. ಗುಂಡಿಯಮ್ಮ ಬೆಳಗಿನಿಂದ ಒಂದೇ ಉಸಿರಿಗೆ ಹೊಲಿಯುತ್ತಿದ್ದಳು. ಆಚೆಯೂ ಸದ್ದಿಲ್ಲ, ಈಚೆಯೂ ಸದ್ದಿಲ್ಲ. ಮಧ್ಯಾಹ್ನ ಮಗಳದು ಬಂತು, ‘ಊಟ ಆಯ್ತಾ’.

ಮೂರು ಗಂಟೆಯ ಹೊತ್ತಿಗೆ ಹಲಗೆಯ ಆಚೆ ಟಿಂಗ್ ಎಂದಿತು. ಹಿಂದೆಯೇ ಚಿಕ್ಕವಳ ದನಿ, ಗಂಡನಿಗೆ ಹೇಳುತ್ತಿದ್ದಳು, “ಶಾಲೆಯವರು ಕಣ್ರೀ, ಸಮವಸ್ತ್ರದ ಅಳತೆಗೆ ಬನ್ನಿ ಅಂತಿದ್ದಾರೆ.” ಸ್ವಲ್ಪ ಹೊತ್ತಿಗೆ ಇನ್ನೊಂದು. ಅದು ಯಾರದೋ ಮಗಳ ಲಂಗದ್ದು. ಬಾಗಿಲು ಹಾಕುವ ಮುಂಚೆ ಇನ್ನೆರಡು. ಒಂದೊಂದಕ್ಕೂ ಒಂದು ಬಿಳಿ ಗುಂಡಿ ಡಬ್ಬಕ್ಕೆ ಬಿತ್ತು.

ಗುಂಡಿಯಮ್ಮ ಬಿಸ್ಕತ್ತಿನ ಡಬ್ಬವನ್ನು ಮಡಿಲಿಗೆ ಸುರಿದುಕೊಂಡಳು. ಎಣಿಸುವಂಥದ್ದೇನೂ ಇರಲಿಲ್ಲ, ಆದರೂ ಎಣಿಸಿದಳು. ನಾಲ್ಕು. ನಾಲ್ಕೂ ನಿಜವಾದವು, ತಾನೇ ಕೈಯಾರೆ ಕಸ ತೆಗೆದು ದಾರಿ ಮಾಡಿಕೊಟ್ಟವು. ಆ ನಲವತ್ತೊಂದು ಕೂಡ ಅವಳನ್ನು ಇಷ್ಟು ಸುಟ್ಟಿರಲಿಲ್ಲ.

ಅವಳು ನಾಲ್ಕನ್ನೂ ಡಬ್ಬಕ್ಕೆ ಹಾಕಿ ಮುಚ್ಚಳ ಒತ್ತಿದಳು. ಎದ್ದು, ಸಾಲಿನ ಮೊದಲ ಕೋಟನ್ನು ತೆಗೆದು, ಆಗಲೇ ಹಾಕಿದ್ದ ಗುಂಡಿಯೊಂದನ್ನು ಬಿಚ್ಚಿ, ಇನ್ನೂ ಗಟ್ಟಿಯಾಗಿ ಹೊಲಿಯಲು ಕೂತಳು.